ತಂಗಿಗೆ ಐದು ತಿಂಗಳು, ಕುಡಿತ ಬಿಡಿಸಬೇಕು. ಮಗುವನ್ನೂ ಜೊತೆಗೆ ಇಟ್ಟುಕೊಳ್ಳುವ ಜಾಗ ಎಲ್ಲಾದರೂ ಇದೆಯಾ?

ಹಾಸನದ ಅಕ್ಕ:

ಎಲ್ಲರಿಗೂ ನಮಸ್ಕಾರ. ಯಾರ ಹತ್ತಿರ ಕೇಳಬೇಕು ಅಂತ ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ನನ್ನ ತಂಗಿಗೆ 26 ವರ್ಷ. ಸಕಲೇಶಪುರದ ಕಡೆ ಒಂದು ಕಾಫಿ ಎಸ್ಟೇಟಿನ ಕೆಲಸಗಾರರ ಲೈನ್ ಮನೆಯಲ್ಲಿ ಗಂಡ, ಮಗನ ಜೊತೆ ಇದ್ದಾಳೆ. ಮಗನಿಗೆ ಎರಡೂವರೆ ವರ್ಷ. ಈಗ ಮತ್ತೆ ಐದು ತಿಂಗಳ ಬಸುರಿ. ಕುಡಿಯುತ್ತಾಳೆ. ಇದನ್ನು ಬರೆಯುವುದಕ್ಕೂ ಕೈ ಬರುತ್ತಿಲ್ಲ, ಆದರೆ ಮುಚ್ಚಿಟ್ಟು ಮುಚ್ಚಿಟ್ಟೇ ಇಲ್ಲಿಯವರೆಗೆ ಬಂದಿದೆ.

ಶುರುವಾಗಿದ್ದು ಮದುವೆ ಆದ ಮೇಲೆ. ಮಳೆಗಾಲದಲ್ಲಿ ದಿನವಿಡೀ ನೆನೆದುಕೊಂಡು ಕೆಲಸ ಮಾಡಿ ಬಂದರೆ ಮೈಕೈ ನೋವು, ಚಳಿ. ಗಂಡ ಒಂದು ನೈಂಟಿ ಪ್ಯಾಕೆಟ್ ತಂದರೆ ಇವಳಿಗೂ ಅದರಲ್ಲೇ ಸ್ವಲ್ಪ. ಲೈನಿನಲ್ಲಿ ಬೇರೆ ಹೆಂಗಸರೂ ಕುಡಿಯುತ್ತಾರೆ, ಅಲ್ಲಿ ಅದು ದೊಡ್ಡ ವಿಷಯ ಅಲ್ಲ. ಹೋದ ವರ್ಷ ಏಳು ತಿಂಗಳಲ್ಲಿ ಒಂದು ಮಗು ಹೊಟ್ಟೆಯಲ್ಲೇ ಹೋಯಿತು. ಆಮೇಲೆ ಇವಳ ಕುಡಿತ ಜಾಸ್ತಿ ಆಯಿತು. ಈಗ ದಿನಕ್ಕೆ ಎರಡು, ಕೆಲವು ದಿನ ಮೂರು ಪ್ಯಾಕೆಟ್. ಬೆಳಿಗ್ಗೆ ಎದ್ದರೆ ಕೈ ನಡುಗುತ್ತದೆ, ಒಂದು ಗುಟುಕು ಹಾಕಿದ ಮೇಲೆ ನಿಲ್ಲುತ್ತದೆ. ಗೌರಿ ಹಬ್ಬಕ್ಕೆ ನಮ್ಮ ಮನೆಗೆ ಬಂದಾಗ ಎರಡು ದಿನ ಮುಟ್ಟಲಿಲ್ಲ, ಎರಡನೇ ದಿನ ರಾತ್ರಿ ಫಿಟ್ಸ್ ಬಂತು. ಅಮ್ಮ ಏನೋ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದರು.

ಸುಮ್ನೆ ಕೂತಿಲ್ಲ ನಾವು. ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಫೋನ್ ಮಾಡಿದರೆ ಹೆಂಗಸರನ್ನು ಸೇರಿಸಿಕೊಳ್ಳುವುದಿಲ್ಲ ಅಂದರು. ಇನ್ನೊಂದು ಕಡೆ ಹೆಂಗಸರಾದರೆ ಆಗಬಹುದು, ಬಸುರಿ ಬೇಡ, ಹೆರಿಗೆ ಆದ ಮೇಲೆ ಕರೆದುಕೊಂಡು ಬನ್ನಿ, ಮಗುವನ್ನು ಮಾತ್ರ ಮನೆಯಲ್ಲಿ ಬಿಟ್ಟು ಬರಬೇಕು ಅಂದರು. ಚೆಕಪ್‌ಗೆ ಹೋದಾಗ ವಾಸನೆ ಬಂತು ಅಂತ ಅಲ್ಲಿದ್ದವರೊಬ್ಬರು ಸಾಲಿನಲ್ಲಿ ಎಲ್ಲರ ಮುಂದೆ ಬೈದುಬಿಟ್ಟರು. ಅವತ್ತಿನಿಂದ ತಾಯಿ ಕಾರ್ಡ್ ಪೆಟ್ಟಿಗೆಯೊಳಗೆ ಸೇರಿದೆ, ಎರಡು ತಿಂಗಳಿಂದ ಹೋಗಿಲ್ಲ.

ಈಗ ಅವಳ ಅತ್ತೆ ಯಾರ ಹತ್ತಿರವೋ ಒಂದು ಪುಡಿ ತಂದಿದ್ದಾರೆ. ತಿಂಗಳಿಗೆ 1500 ರೂಪಾಯಿ. ಅವಳಿಗೆ ಗೊತ್ತಾಗದ ಹಾಗೆ ಸಾರಿಗೆ ಬೆರೆಸಿ ಕೊಡಬೇಕಂತೆ. ನಮ್ಮಮ್ಮ ಹೇಳುವುದು, ಹಾಸನಕ್ಕೆ ಕರೆದುಕೊಂಡು ಬಂದು ಹದಿನೈದು ದಿನ ಮನೆಯೊಳಗೇ ಇಟ್ಟು ಬಾಗಿಲು ಹಾಕಿಬಿಡೋಣ ಅಂತ. ಯಾವುದು ಸರಿ? ಮಗುವಿಗೆ ಆಗಲೇ ತೊಂದರೆ ಆಗಿಬಿಟ್ಟಿದೆಯಾ? ಡಾಕ್ಟರಿಗೆ ಇದ್ದದ್ದು ಇದ್ದಹಾಗೆ ಹೇಳಿದರೆ ಮಗನನ್ನು ಕಿತ್ತುಕೊಳ್ಳುತ್ತಾರೆ ಅಂತ ಅವಳು ಹೆದರಿದ್ದಾಳೆ. ದಯವಿಟ್ಟು ಗೊತ್ತಿದ್ದವರು ಹೇಳಿ.

ವಾರ್ಡಿನ ನರ್ಸ್:

ಅಕ್ಕ, ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನಲ್ಲಿ 19 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಎರಡು ವಿಷಯ ಮೊದಲು, ಯಾಕೆಂದರೆ ಎರಡೂ ಜೀವಕ್ಕೆ ಸಂಬಂಧಪಟ್ಟಿದ್ದು.

ಆ ಪುಡಿ ಕೊಡಲೇಬೇಡಿ. ಇಂಥ ಪುಡಿಗಳಲ್ಲಿ ಡೈಸಲ್ಫಿರಾಂ ಅನ್ನುವ ಮಾತ್ರೆಯನ್ನು ಅರೆದು ಹಾಕಿರುವುದು ಉಂಟು. ಅದಕ್ಕೆ ರುಚಿಯಿಲ್ಲ, ಹಾಗಾಗಿ ತಿಂದವರಿಗೆ ಗೊತ್ತಾಗುವುದಿಲ್ಲ. ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಒಮ್ಮೆಲೇ ಇಳಿಯಬಹುದು. ಡಾಕ್ಟರುಗಳು ಅದನ್ನು ಕೊಡುವುದು ರೋಗಿಗೆ ಎಲ್ಲ ಹೇಳಿ, ಒಪ್ಪಿಸಿದ ಮೇಲೆ. ಬಸುರಿಯರಿಗಂತೂ ಕೊಡುವುದಿಲ್ಲ. ಅತ್ತೆಯವರ ಮೇಲೆ ಕೂಗಾಡಬೇಡಿ, ಅವರೂ ಒಳ್ಳೆಯದಾಗಲಿ ಅಂತಲೇ ತಂದಿದ್ದು. ಪುಡಿಯನ್ನು ಹುಡುಗನ ಕೈಗೆ ಸಿಗದ ಹಾಗೆ ಎತ್ತಿಟ್ಟು, ಆಸ್ಪತ್ರೆಗೆ ಹೋಗುವಾಗ ತೆಗೆದುಕೊಂಡು ಹೋಗಿ ತೋರಿಸಿ.

ಎರಡನೆಯದು ಬಾಗಿಲು ಹಾಕುವ ವಿಚಾರ. ಬೇಡವೇ ಬೇಡ. ಬೆಳಿಗ್ಗೆ ಕೈ ನಡುಗುವುದು, ಒಂದು ಗುಟುಕಿಗೆ ನಿಲ್ಲುವುದು, ಇದು ಚಟ ಅನ್ನುವ ಹಂತ ದಾಟಿ ಮೈಯೇ ಅದಕ್ಕೆ ಒಗ್ಗಿಹೋಗಿರುವ ಗುರುತು. ಗೌರಿ ಹಬ್ಬದಲ್ಲಿ ಬಂದ ಫಿಟ್ಸ್ ಗಾಳಿ ಸೋಕಿದ್ದಲ್ಲ ಅಕ್ಕ, ಕುಡಿತ ಥಟ್ಟನೆ ನಿಂತಿದ್ದಕ್ಕೆ ಬಂದಿದ್ದು. ಒಂದು ಸಲ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ನಿಲ್ಲಿಸಿದ ಮೊದಲ ಎರಡು ದಿನದಲ್ಲಿ ಫಿಟ್ಸ್, ಎರಡು ಮೂರನೇ ದಿನಕ್ಕೆ ಜ್ಞಾನ ತಪ್ಪಿದ ಹಾಗೆ ಮಾತಾಡುವುದು, ಇಲ್ಲದ್ದು ಕಾಣಿಸುವುದು, ಜ್ವರ, ಬೆವರು. ಬಸುರಿಗೆ ಹಾಗಾದರೆ ತಾಯಿ ಮಗು ಇಬ್ಬರಿಗೂ ಅಪಾಯ. ಹಾಗಂತ ಕುಡಿಯುತ್ತಿರಲಿ ಅಂತ ನಾನು ಹೇಳುತ್ತಿಲ್ಲ. ನಿಲ್ಲಿಸಬೇಕು, ಆಸ್ಪತ್ರೆಯ ಮಂಚದ ಮೇಲೆ ನಿಲ್ಲಿಸಬೇಕು. ಅಲ್ಲಿ ನಡುಕಕ್ಕೆ, ಫಿಟ್ಸ್ ಬರದ ಹಾಗೆ ಕೆಲವು ದಿನ ಮಾತ್ರೆ ಕೊಟ್ಟು ದಿನದಿನಕ್ಕೆ ಕಡಿಮೆ ಮಾಡುತ್ತಾ ಬರುತ್ತಾರೆ, ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ, ಮಗುವಿನ ಎದೆಬಡಿತ ನೋಡುತ್ತಿರುತ್ತಾರೆ.

ಇನ್ನೊಂದು ಮಾತು, ಇದನ್ನು ಎಷ್ಟೋ ಮನೆಯವರು ಮಾಡುತ್ತಾರೆ. ಸುಸ್ತು ಅಂತ ಹತ್ತಿರದ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ, ಕುಡಿತದ ವಿಷಯ ಹೇಳದೆ ಗ್ಲೂಕೋಸ್ ಹಾಕಿಸಿಕೊಂಡು ಬರುತ್ತಾರೆ. ವರ್ಷಗಟ್ಟಲೆ ಕುಡಿದು ಸರಿಯಾಗಿ ಉಣ್ಣದವರಿಗೆ ಬಿ1 ಕೊಡದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ಹೇಳಿಬಿಡಿ, ನಾಚಿಕೆ ಬೇಡ.

ಹಾಸನದಲ್ಲೇ ಹಿಮ್ಸ್ ಇದೆಯಲ್ಲ, ಅದು ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಮನೋವೈದ್ಯರೂ ಹೆರಿಗೆ ಡಾಕ್ಟರೂ ಒಂದೇ ಕಡೆ ಸಿಗುತ್ತಾರೆ. ಇಬ್ಬರೂ ಸೇರಿ ನೋಡಬೇಕು ಅಂತ ನೀವೇ ಬಾಯಿಬಿಟ್ಟು ಕೇಳಿ. ಹೊರಡುವ ಮುಂಚೆಯೇ ಫಿಟ್ಸ್ ಬಂದರೆ 108.

ಕಾರಂತೂರಿನವ:

ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ಕುಡಿಯುವವಳಿಗೆ ಇಷ್ಟೆಲ್ಲ ಉಪಚಾರ ಬೇಕಾ? ತಾಯಿ ಅನ್ನಿಸಿಕೊಳ್ಳುವುದಕ್ಕೆ ಯೋಗ್ಯತೆ ಇರಬೇಕು. ಆ ಹುಡುಗನನ್ನು ಮೊದಲು ಅವಳಿಂದ ದೂರ ಮಾಡಿ.

ಮಗಳ ಅಮ್ಮ:

ಮೇಲೆ ಬರೆದವರಿಗೆ. ಆ ಮಾತನ್ನು ನಾನು ನನಗೇ ದಿನಕ್ಕೆ ನೂರು ಸಲ ಹೇಳಿಕೊಂಡಿದ್ದೇನೆ. ಹೇಳಿಕೊಂಡಾಗಲೆಲ್ಲ ಕುಡಿದಿದ್ದೇನೆ. ಬಿಡುವುದಕ್ಕೆ ಅದು ಒಂದು ದಿನವೂ ಸಹಾಯ ಮಾಡಲಿಲ್ಲ.

ಅಕ್ಕ, ನನ್ನ ಕಥೆ ಹೇಳುತ್ತೇನೆ. ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದೆ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನೀರಿನ ಬಾಟಲಿಯಲ್ಲಿ ಬೆರೆಸಿ ಇಟ್ಟುಕೊಳ್ಳುತ್ತಿದ್ದೆ. ಬಸುರಿ ಅಂತ ಗೊತ್ತಾದ ಮೇಲೂ ಆರು ತಿಂಗಳವರೆಗೆ ಕುಡಿದೆ. ಹೇಗೋ ಕಷ್ಟಪಟ್ಟು ಬಿಟ್ಟೆ. ಮಗಳು ಹುಟ್ಟಿ ನಾಲ್ಕನೇ ತಿಂಗಳಿಗೆ ಮತ್ತೆ ಶುರು. ಇದನ್ನು ಗಮನಿಸಿ ಅಕ್ಕ, ಹೆರಿಗೆ ತನಕ ಎಲ್ಲರೂ ಸುತ್ತ ಇರುತ್ತಾರೆ, ಮಗು ಕೈಗೆ ಬಂದ ಮೇಲೆ ಎಲ್ಲರೂ ಮಗುವನ್ನು ನೋಡುತ್ತಾರೆ, ತಾಯಿಯನ್ನು ನೋಡುವವರು ಇರುವುದಿಲ್ಲ. ರಾತ್ರಿಯೆಲ್ಲ ನಿದ್ದೆಯಿಲ್ಲ, ಮನಸ್ಸು ಕುಗ್ಗಿಹೋಗಿರುತ್ತದೆ, ಹಳೆಯ ದಾರಿ ಎದುರಿಗೇ ಇರುತ್ತದೆ. ಬಾಣಂತನದ ಮೂರನೇ ತಿಂಗಳಿಂದ ಆರನೇ ತಿಂಗಳವರೆಗೆ ಅವಳ ಪಕ್ಕದಲ್ಲಿ ಯಾರು ಇರುತ್ತಾರೆ ಅಂತ ಈಗಲೇ ಗೊತ್ತುಮಾಡಿಕೊಳ್ಳಿ.

ಒಂದು ರಾತ್ರಿ ಕುಡಿದು ಮಗುವಿನ ಪಕ್ಕ ಮಲಗಿಬಿಟ್ಟಿದ್ದೆ. ಅಮ್ಮ ಬಂದು ನೋಡಿದಾಗ ನನ್ನ ತೋಳು ಮಗುವಿನ ಮುಖದ ಮೇಲೆ ಇತ್ತು. ಏನೂ ಆಗಲಿಲ್ಲ, ಆದರೆ ಆಗಬಹುದಿತ್ತು. ಮಾರನೇ ದಿನ ಅಮ್ಮನೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಂಟು ತಿಂಗಳ ಮಗಳನ್ನೂ ಎತ್ತಿಕೊಂಡು. ವಾರ್ಡಿನಲ್ಲಿ ನಾನು ಬೈಗುಳ ಕಾಯುತ್ತಾ ಕೂತಿದ್ದೆ. ಅಲ್ಲಿದ್ದ ಸಿಸ್ಟರ್ ಮೊದಲು ಕೇಳಿದ್ದು, ಮಗುವಿಗೆ ಕೊನೆಯ ಸಲ ಹಾಲು ಕೊಟ್ಟಿದ್ದು ಯಾವಾಗ ಅಂತ. ಕುಡಿದದ್ದು ಯಾವಾಗ ಅಂತ ಆಮೇಲೆ ಕೇಳಿದರು. ಒಂದು ಪೆಗ್ಗಿಗೆ ಕಡಿಮೆ ಅಂದರೂ ಎರಡು ಗಂಟೆ ಕಾಯಬೇಕು, ಎರಡು ಮೂರು ಹಾಕಿದ್ದರೆ ಪ್ರತಿ ಪೆಗ್ಗಿಗೂ ಎರಡೆರಡು ಗಂಟೆ ಸೇರಿಸಿ ಅಷ್ಟೂ ಹೊತ್ತು ಎದೆಹಾಲು ಬೇಡ, ಆಮೇಲೆ ಕೊಡಬಹುದು ಅಂತ ಲೆಕ್ಕ ಹಾಕಿ ಹೇಳಿದರು. ನಾನು ಅಮ್ಮ ಅನ್ನುವುದನ್ನು ಒಪ್ಪಿಕೊಂಡು ಮಾತಾಡಿದ ಮೊದಲ ಹೊರಗಿನವರು ಅವರು.

ಹತ್ತು ದಿನ ಇದ್ದೆ. ಮಗಳು ಅಮ್ಮನ ಜೊತೆ ಅದೇ ವಾರ್ಡಿನಲ್ಲಿ. ಮಗು ಬೇರೆ ಕಡೆ ಇದ್ದಿದ್ದರೆ ಮೂರನೇ ದಿನವೇ ಎದ್ದು ಓಡಿಬಂದುಬಿಡುತ್ತಿದ್ದೆ, ಇದು ಸತ್ಯ. ಆಮೇಲೆ ಎರಡು ವಾರಕ್ಕೊಮ್ಮೆ ಫಾಲೋ ಅಪ್. ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಅಂತ ಕುಡಿತ ಬಿಡುವವರೇ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಗುಂಪಿನ ಮೀಟಿಂಗಿಗೂ ಹೋದೆ, ಕನ್ನಡದಲ್ಲೇ ನಡೆಯುತ್ತದೆ. ಮೊದಲು ಅಷ್ಟು ಗಂಡಸರ ನಡುವೆ ಒಬ್ಬಳೇ ಹೆಂಗಸು, ಬಾಗಿಲ ಹತ್ತಿರ ಕೂರುತ್ತಿದ್ದೆ. ಈಗ ನಾವು ಆರು ಜನ ಹೆಂಗಸರು ಫೋನಿನಲ್ಲಿ ಮಾತಾಡಿಕೊಳ್ಳುತ್ತೇವೆ. ನಾಲ್ಕು ವರ್ಷದ ಮೇಲಾಯಿತು ಬಿಟ್ಟು. ಮಧ್ಯದಲ್ಲಿ ತಮ್ಮನ ಮದುವೆಯಲ್ಲಿ ಒಂದು ಸಲ ಜಾರಿದೆ, ಮಾರನೇ ದಿನವೇ ಡಾಕ್ಟರಿಗೆ ಫೋನ್ ಮಾಡಿದೆ. ನಿಮ್ಮ ತಂಗಿಯೂ ಜಾರಬಹುದು. ಆಗ ಎಲ್ಲ ಮುಗಿದುಹೋಯಿತು ಅಂದುಕೊಳ್ಳಬೇಡಿ.

ಮಗುವಿಗೆ ತೊಂದರೆ ಆಗಿದೆಯಾ ಅಂತ ಕೇಳಿದ್ದೀರಿ. ನನ್ನ ಮಗಳಿಗೆ ಮಾತು ತಡವಾಗಿ ಬಂತು, ಒಂದು ಕಡೆ ಕೂರುವುದು ಕಷ್ಟ, ಪೆನ್ಸಿಲ್ ಹಿಡಿಯುವುದಕ್ಕೆ ಈಗಲೂ ಒದ್ದಾಡುತ್ತಾಳೆ. ಅದಕ್ಕೆ ಇದೇ ಕಾರಣ ಅಂತ ಯಾರೂ ಖಚಿತವಾಗಿ ಹೇಳಿಲ್ಲ. ಮಕ್ಕಳ ಡಾಕ್ಟರಿಗೆ ನಾನು ಕುಡಿದಿದ್ದನ್ನು ಹೇಳಿದೆ. ಹೇಳಿದ್ದರಿಂದಲೇ ಅವರು ಬೇಗ ಪರೀಕ್ಷೆ ಮಾಡಿಸಿ ಸ್ಪೀಚ್ ಥೆರಪಿ ಶುರು ಮಾಡಿಸಿದರು. ಈಗ ಒಂದನೇ ಕ್ಲಾಸು. ಶಾಲೆಯಿಂದ ಬಂದರೆ ಬಾಯಿ ಮುಚ್ಚುವುದೇ ಇಲ್ಲ.

ಕೌನ್ಸೆಲರ್, ಮೈಸೂರು:

ಅಕ್ಕ, ಮಗನನ್ನು ಕಿತ್ತುಕೊಳ್ಳುತ್ತಾರೆ ಅನ್ನುವ ಭಯದ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಾನು ನೋಡಿದ ತಾಯಂದಿರಲ್ಲಿ ಆಸ್ಪತ್ರೆಗೆ ಬಾರದೆ ಇರುವುದಕ್ಕೆ ಇದೇ ದೊಡ್ಡ ಕಾರಣ.

ನಮ್ಮ ದೇಶದಲ್ಲಿ ಬಸುರಿ ಹೆಂಗಸು ಕುಡಿತಕ್ಕೆ ಚಿಕಿತ್ಸೆ ಕೇಳಿದಳು ಅನ್ನುವ ಒಂದೇ ಕಾರಣಕ್ಕೆ ಮಕ್ಕಳನ್ನು ತೆಗೆದುಕೊಂಡು ಹೋಗುವ ಕಾನೂನು ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುವುದು ಅದಕ್ಕೆ ವಿರುದ್ಧ. ಆ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ಅಂದರೆ ಮದ್ಯ, ಮಾದಕ ವಸ್ತುಗಳಿಂದ ಬರುವ ತೊಂದರೆಯೂ ಸೇರುತ್ತದೆ. 21ನೇ ಸೆಕ್ಷನ್ ಪ್ರಕಾರ, ಚಿಕಿತ್ಸೆಗೆ ದಾಖಲಾದ ಹೆಂಗಸಿನ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅವಳಿಂದ ಬೇರೆ ಮಾಡುವ ಹಾಗಿಲ್ಲ. ತಾಯಿಯಿಂದ ಮಗುವಿಗೆ ಅಪಾಯ ಇದೆ ಅಂತ ಮನೋವೈದ್ಯರಿಗೆ ಅನ್ನಿಸಿದರೆ ಸ್ವಲ್ಪ ಕಾಲ ದೂರ ಇಡಬಹುದು, ಆಗಲೂ ಸಿಬ್ಬಂದಿಯ ಇಲ್ಲವೇ ಮನೆಯವರ ಮುಂದೆ ಮಗುವನ್ನು ನೋಡುವುದಕ್ಕೆ ಬಿಡಬೇಕು, ಆ ತೀರ್ಮಾನವನ್ನು 15 ದಿನಕ್ಕೊಮ್ಮೆ ಮತ್ತೆ ಪರಿಶೀಲಿಸಬೇಕು. ನಿಮ್ಮ ತಂಗಿಯ ಮಗನಿಗೆ ಎರಡೂವರೆ. ಇದು ಅವನಿಗೇ ಬರೆದ ಹಾಗಿದೆ. ನೀವು ಫೋನ್ ಮಾಡಿದ ಕಡೆ ಮಗುವನ್ನು ಬಿಟ್ಟು ಬನ್ನಿ ಅಂದರಲ್ಲ, ಇನ್ನು ಮುಂದೆ ಯಾರಾದರೂ ಹಾಗೆ ಅಂದರೆ ಈ ಸೆಕ್ಷನ್ ಹೆಸರು ಹೇಳಿ ಕೇಳಿ.

ಸಿಟ್ಟು ಬರುವುದು ಎಲ್ಲಿ ಅಂದರೆ, ನಮ್ಮಲ್ಲಿ ಮದ್ಯವರ್ಜನ ಶಿಬಿರ, ಕೇಂದ್ರ ಅಂತ ಇರುವುದರಲ್ಲಿ ಬಹುಪಾಲು ಗಂಡಸರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ್ದು. 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಗಂಡಸರಲ್ಲಿ 27.3 ಶೇಕಡ, ಹೆಂಗಸರಲ್ಲಿ 1.6 ಶೇಕಡ ಕುಡಿಯುತ್ತಾರೆ ಅಂತ ಇತ್ತು. ಆ ಚಿಕ್ಕ ಅಂಕಿ ನೋಡಿ ಹೆಂಗಸರಿಗೆ ಬೇರೆ ವ್ಯವಸ್ಥೆ ಯಾಕೆ ಅನ್ನುತ್ತಾರೆ. ದೇಶದ ಜನಸಂಖ್ಯೆಗೆ ಲೆಕ್ಕ ಹಾಕಿದರೆ ಅದು ಲಕ್ಷಗಟ್ಟಲೆ ಹೆಂಗಸರು. ಮನೆಗೆ ಬಂದು ಕೇಳಿದವರ ಎದುರು ಎಷ್ಟು ಜನ ಬಾಯಿ ಬಿಟ್ಟಿರುತ್ತಾರೋ ಅದು ಬೇರೆ ಮಾತು. 2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಾಗ ಇನ್ನು ಹಳ್ಳಿಯ ಕುಡಿತ ನಿಂತಿತು ಅಂದುಕೊಂಡವರು ತುಂಬಾ ಜನ. ಈಗ ಅದೇ ಜಾಗದಲ್ಲಿ ನೈಂಟಿ ಪ್ಯಾಕೆಟ್ ಇದೆ.

ಹಿಮ್ಸ್‌ನಲ್ಲಿ ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ವ್ಯಸನಕ್ಕೇ ಬೇರೆ ವಿಭಾಗ ಇದೆ. ಬಾಣಂತನದಲ್ಲಿ ಮನಸ್ಸಿನ ಕಾಯಿಲೆ ಬಂದವರನ್ನು ಮಗುವಿನ ಜೊತೆಗೇ ದಾಖಲು ಮಾಡಿಕೊಳ್ಳುವ ತಾಯಿ-ಮಗು ವಾರ್ಡ್ ಕೂಡ 2009ರಿಂದ ಇದೆ. ಹೊರಡುವ ಮುಂಚೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ವ್ಯಸನಕ್ಕೆ ಅಂತಲೇ 14446 ಇದೆ.

ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ. ಜಾತ್ರೆಗೆ ಅಂತ ಹೊರಡಿಸಿ ವಾರ್ಡಿನಲ್ಲಿ ಬಿಟ್ಟವರನ್ನು ನೋಡಿದ್ದೇನೆ. ಆಮೇಲೆ ಆ ಹೆಂಗಸು ಮನೆಯವರನ್ನೂ ಆಸ್ಪತ್ರೆಯನ್ನೂ ನಂಬಲೇ ಇಲ್ಲ. ಅವಳೇ ಒಪ್ಪಿ ಸಹಿ ಮಾಡಿದರೆ ಅರ್ಧ ಕೆಲಸ ಆದ ಹಾಗೆ. ಹೋದ ವರ್ಷ ಕಳೆದುಕೊಂಡ ಮಗುವಿನ ಬಗ್ಗೆ ಯಾರಾದರೂ ಅವಳ ಜೊತೆ ಕೂತು ಮಾತಾಡಿದ್ದೀರಾ? ನನಗೆ ನಿಮ್ಮ ಇಡೀ ಪತ್ರದಲ್ಲಿ ಕಣ್ಣಿಗೆ ಬಿದ್ದಿದ್ದು ಆ ಒಂದು ಸಾಲು.

ಆಶಾ ಕಾರ್ಯಕರ್ತೆ:

ನಾನೂ ಎಸ್ಟೇಟ್ ಏರಿಯಾದಲ್ಲೇ ಕೆಲಸ ಮಾಡುವುದು. ಬೈದದ್ದು ತಪ್ಪು ಅಕ್ಕ. ಬೈದ ಮೇಲೆ ಅವರು ಬರುವುದಿಲ್ಲ, ರಕ್ತ ಎಷ್ಟಿದೆ, ಬಿಪಿ ಎಷ್ಟಿದೆ ಯಾವುದೂ ನಮಗೆ ಗೊತ್ತಾಗುವುದಿಲ್ಲ.

ತಾಯಿ ಕಾರ್ಡ್ ಹೊರಗೆ ತೆಗೆಸಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರನ್ನು ಡಾಕ್ಟರೇ ನೋಡುವ ದಿನ ಇದೆ. ಆದರೆ ಇವಳ ವಿಷಯದಲ್ಲಿ ಅಲ್ಲಿಯವರೆಗೆ ಕಾಯಬೇಡಿ. ಐದನೇ ತಿಂಗಳು ಅಂದರೆ ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್ ಆಗಬೇಕಾದ ಸಮಯ. ಕಬ್ಬಿಣದ ಮಾತ್ರೆ ತಗೊಳ್ಳುತ್ತಿದ್ದಾಳಾ ಕೇಳಿ.

ಹೊಗೆಸೊಪ್ಪು, ಕಡ್ಡಿಪುಡಿ ಇದೆಯಾ ಅದನ್ನೂ ಕೇಳಿ. ನಮ್ಮ ಕಡೆ ಎಲೆ ಅಡಿಕೆ ಜೊತೆ ಹಾಕುವುದನ್ನು ಯಾರೂ ಚಟ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದರಿಂದಲೂ ಮಗುವಿನ ತೂಕ ಕಡಿಮೆಯಾಗುತ್ತದೆ, ದಿನ ತುಂಬುವ ಮೊದಲೇ ಹೆರಿಗೆ ಆಗುತ್ತದೆ, ಹೊಟ್ಟೆಯಲ್ಲೇ ಹೋಗುವುದೂ ಉಂಟು. ಡಾಕ್ಟರಿಗೆ ಎರಡನ್ನೂ ಒಟ್ಟಿಗೆ ಹೇಳಿ.

ವಾರ್ಡಿನ ನರ್ಸ್:

ಮಗುವಿನ ಬಗ್ಗೆ ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. ಬಸುರಿಯಲ್ಲಿ ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆ ಯಾವುದೂ ಇಲ್ಲ. ಸ್ಕ್ಯಾನ್ ಚೆನ್ನಾಗಿದೆ ಅಂದರೆ ಅಂಗಾಂಗ ಚೆನ್ನಾಗಿದೆ ಅಂತ, ಕಲಿಕೆಯಲ್ಲಿ, ನಡವಳಿಕೆಯಲ್ಲಿ ತೊಂದರೆ ಇದೆಯಾ ಅನ್ನುವುದು ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಆದರೆ ಮಗುವಿನ ಮೆದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ಐದನೇ ತಿಂಗಳಲ್ಲಿ ನಿಲ್ಲಿಸಿದರೂ ಮುಂದಿನ ನಾಲ್ಕು ತಿಂಗಳು ಆ ಮಗುವಿಗೆ ಸಿಕ್ಕಿದ ಹಾಗೇ. ತಡವಾಯಿತು ಅಂತ ಅವಳ ಮುಂದೆ ಯಾರೂ ಹೇಳಬೇಡಿ.

ಗಂಡನನ್ನೂ ಅದೇ ದಿನ ತೋರಿಸಿ. ಅವರು ದಿನಾ ಪ್ಯಾಕೆಟ್ ತರುತ್ತಿದ್ದರೆ ಇವಳು ಅದೇ ಮನೆಗೆ ವಾಪಸ್ ಹೋಗಿ ಹೇಗೆ ಬಿಟ್ಟಿರುತ್ತಾಳೆ?

ಹಾಸನದ ಅಕ್ಕ:

ಎಲ್ಲರಿಗೂ, ಹನ್ನೊಂದು ದಿನದ ಮೇಲೆ ಬರೆಯುತ್ತಿದ್ದೇನೆ. ನೀವು ಬರೆದಿದ್ದನ್ನೆಲ್ಲ ತಂಗಿಗೆ ಓದಿ ಹೇಳಿದೆ. ಮಗಳ ಅಮ್ಮ ಅವರು ಬರೆದದ್ದನ್ನು ಎರಡು ಸಲ ಓದಿಸಿದಳು. ಆ ಬೈಗುಳದ ಮಾತನ್ನು ಬಿಟ್ಟು ಓದಿದೆ. ಆಮೇಲೆ ಕೌನ್ಸೆಲರ್ ಮೇಡಂ ಹೇಳಿದ ಹಾಗೆ ಹೋದ ವರ್ಷದ ಮಗುವಿನ ಬಗ್ಗೆ ಕೇಳಿದೆ. ಅದು ಹೆಣ್ಣು ಮಗು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಅವಳಿಗೆ ಮುಖ ತೋರಿಸಿರಲಿಲ್ಲವಂತೆ. ತುಂಬಾ ಹೊತ್ತು ಅತ್ತಳು. ನಾನೂ.

14416ಕ್ಕೆ ಅವಳೇ ಮಾತಾಡಿದಳು. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಹಾಸನಕ್ಕೆ ಬಂದು ಆಸ್ಪತ್ರೆಗೆ ಸೇರಿಸಿದೆವು. ಫಿಟ್ಸ್ ಬರಲಿಲ್ಲ. ಮೊದಲ ಮೂರು ದಿನ ತುಂಬಾ ಕಷ್ಟ ಆಯಿತು, ಬೆವರು, ವಾಂತಿ, ನಿದ್ದೆ ಇಲ್ಲ. ನಾಲ್ಕನೇ ದಿನ ಅನ್ನ ಸಾರು ಉಂಡಳು. ಸ್ಕ್ಯಾನ್ ಆಗಿದೆ, ಮಗುವಿನ ಬೆಳವಣಿಗೆ ಸ್ವಲ್ಪ ಹಿಂದೆ ಇದೆ, ಮೂರು ವಾರ ಬಿಟ್ಟು ಮತ್ತೆ ನೋಡಬೇಕು ಅಂದಿದ್ದಾರೆ. ರಕ್ತ ಕಡಿಮೆ ಇದೆ. ಆ ಪುಡಿಯನ್ನು ಡಾಕ್ಟರ್ ಹತ್ತಿರ ಕೊಟ್ಟಿದ್ದೇವೆ. ಕಡ್ಡಿಪುಡಿಯೂ ಇತ್ತು, ಅದನ್ನೂ ಹೇಳಿದಳು.

ಹುಡುಗ ನನ್ನ ಜೊತೆ ವಾರ್ಡಿನಲ್ಲೇ ಇದ್ದ. ರಾತ್ರಿ ಅಮ್ಮನ ಮಂಚಕ್ಕೆ ಹತ್ತಿಬಿಡುತ್ತಿದ್ದ, ಸಿಸ್ಟರ್ ಎರಡು ಸಲ ಇಳಿಸಿ ಮೂರನೇ ಸಲ ಸುಮ್ಮನಾದರು.

ಬಾವ ಇನ್ನೂ ಬಂದು ತೋರಿಸಿಕೊಂಡಿಲ್ಲ. ಹೆರಿಗೆ ಆಗುವ ತನಕ, ಆಮೇಲೆ ಆರು ತಿಂಗಳು ಅವಳು ನಮ್ಮ ಮನೆಯಲ್ಲೇ ಇರಲಿ ಅಂತ ಅಮ್ಮನೂ ನಾನೂ ಮಾತಾಡಿಕೊಂಡಿದ್ದೇವೆ. ಮುಂದಿನ ಗುರುವಾರ ಫಾಲೋ ಅಪ್. ಮಗಳ ಅಮ್ಮ ಅವರೇ, ನಿಮ್ಮ ಫೋನ್ ಗುಂಪಿನಲ್ಲಿ ಇನ್ನೊಬ್ಬರಿಗೆ ಜಾಗ ಇದೆಯಾ ಅಂತ ತಂಗಿ ಕೇಳಿದ್ದಾಳೆ.